ಬ್ಯಾಸರ ಹೇಳುವ ಸೋಮವಾರ

ಗುರುದೇವಿ ಟೀಚರ್ ತನಗೆ ಹೊಟ್ಟೆಕಿಚ್ಚು ಎಂಬುದೇ ಇಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದಳು. ಅದು ಬೇರೆಯವರ ಮನೆಯ ಕಾಯಿಲೆ. ನಾದಿನಿ ಬಂಗಾರದ ಪಾಟಲಿ ಮಾಡಿಸಿಕೊಂಡಾಗ ಕೈ ಹಿಡಿದು, ತಿರುಗಿಸಿ ನೋಡಿ, ಚೆಂದ ಅದ ಎಂದವಳು ಆಕೆ. ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಎದುರು ಮನೆಯವರು ಇನ್ನೊಂದು ಅಂತಸ್ತು ಎಬ್ಬಿಸಿ ಆಕೆಯ ಅಂಗಳದ ಬಿಸಿಲನ್ನೆಲ್ಲ ನುಂಗಿದಾಗಲೂ ಹೋಗಿ ಹೋಳಿಗೆ ಉಂಡು ಬಂದಿದ್ದಳು. ಕಲಬುರಗಿಯಲ್ಲಿ ಬಿಸಿಲು ಹೋಯಿತೆಂದು ಯಾರೂ ಅಳುವುದಿಲ್ಲ, ಆ ಮಾತು ಬೇರೆ. ಅಂಥವಳಿಗೆ ಐವತ್ತರ ಹೊಸ್ತಿಲಲ್ಲಿ, ಅದೂ ಶಾಲೆಯಲ್ಲಿ, ಅದೂ ತನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡವಳಾದ ಒಬ್ಬ ಅತಿಥಿ ಶಿಕ್ಷಕಿಯ ಮೇಲೆ ಅದು ಬಂತು. ಸುಮ್ಮನೆ ಬಂದು ಹೋಗಲಿಲ್ಲ, ಗಂಟುಮೂಟೆ ಸಮೇತ ಬಂದು ಕೂತಿತು.

ಆಕೆ ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವ ಓಡಾಟ. ಪಾಠದ ಜೊತೆಗೆ ಆಕೆಗೆ ಇನ್ನೊಂದು ಕೆಲಸವಿತ್ತು. ಅದನ್ನು ಯಾವ ಸಾಹೇಬರೂ ವಹಿಸಿರಲಿಲ್ಲ, ತಾನೇ ಹೊತ್ತುಕೊಂಡದ್ದು. ಹತ್ತನೆಯ ತರಗತಿಯ ಮಕ್ಕಳು ಮುಂದೆ ಏನಾಗಬೇಕು ಎಂದು ಹೇಳುವುದು. ವರ್ಷವಿಡೀ ಒಬ್ಬೊಬ್ಬರನ್ನೂ ಓರೆಗಣ್ಣಿನಲ್ಲಿ ಅಳೆದು, ಪರೀಕ್ಷೆ ಮುಗಿದ ಮೇಲೆ ತೀರ್ಪು ಕೊಡುತ್ತಿದ್ದಳು. ‘ನೀ ಕಾಮರ್ಸ್ ತಗೋ.’ ‘ನೀ ಐಟಿಐಗಿ ಹೋಗು, ಪುಸ್ತಕ ಹಿಡಿಯಾಂವ ಅಲ್ಲ ನೀ.’ ‘ನಿನಗ ಸೈನ್ಸ್ ಬ್ಯಾಡ. ತಲಿ ಅದ, ಆದ್ರ ಒಂದ ಕಡಿ ಕೂಡೋ ಗುಣ ಇಲ್ಲ.’ ಅಪ್ಪ ಅವ್ವಂದಿರು ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು.

ಹೋಗುವ ಮೊದಲು ಅವರು ಸ್ಟಾಫ್ ರೂಮಿನ ಆಕೆಯ ಮೇಜಿನ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಇಟ್ಟು ಹೋಗುವುದು ರೂಢಿ. ಕಮಲಾಪುರದ ಕೆಂಪು ಬಾಳೆ ಎಂದರೆ ಹುಡುಗಾಟವಲ್ಲ. ಕಲಬುರಗಿಯ ಬಜಾರಿನಲ್ಲಿ ಅದರ ಬೆಲೆ ಕೇಳಿ ಜನ ಮುಂದಿನ ಗಾಡಿಗೆ ನಡೆಯುತ್ತಾರೆ. ಬೇಸಿಗೆಯ ಹೊತ್ತಿಗೆ ಆಕೆಯ ಮೇಜು ಮದುವೆಮನೆಯ ಉಗ್ರಾಣದಂತೆ ಕಾಣುತ್ತಿತ್ತು. ಗುರುದೇವಿ ಅದರಲ್ಲಿ ತಿನ್ನುತ್ತಿದ್ದುದು ಕಡಿಮೆ, ಹಂಚುತ್ತಿದ್ದುದೇ ಹೆಚ್ಚು. ಹಂಚುವಾಗ ಯಾರ ಅಪ್ಪ ತಂದದ್ದು ಎಂಬುದನ್ನು ಮಾತ್ರ ಮರೆಯದೆ ಹೇಳುತ್ತಿದ್ದಳು.

ಜೂನ್ ತಿಂಗಳಲ್ಲಿ ವಿಜ್ಞಾನ ಕಲಿಸಲು ಸಂಘಮಿತ್ರಾ ಬಂದಳು. ಕಲಬುರಗಿಯವಳೇ, ಅದೇ ಬಸ್ಸಿಗೆ ಬರುವವಳು. ಮೊದಮೊದಲು ಗುರುದೇವಿ ಆಕೆಗೆ ಸೀಟು ಹಿಡಿದಿಟ್ಟದ್ದೂ ಉಂಟು, ತನ್ನ ಡಬ್ಬಿಯ ಶೇಂಗಾ ಹಿಂಡಿ ಬಡಿಸಿದ್ದೂ ಉಂಟು. ಪಾಪದ ಹುಡುಗಿ, ವರ್ಷ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ನೋಡಿಕೊಂಡು ಬದುಕುವ ನೌಕರಿ, ಕಲಿಯಲಿ ಎಂದುಕೊಂಡಿದ್ದಳು. ಕಲಿಸುವ ಸ್ಥಾನದಲ್ಲಿ ತಾನಿರುವವರೆಗೆ ಗುರುದೇವಿಯಷ್ಟು ಉದಾರಿ ಇನ್ನೊಬ್ಬರಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಸಂಘಮಿತ್ರಾ ಹೊಸದೊಂದು ಶುರು ಮಾಡಿದಳು. ಹೆಡ್ ಮಾಸ್ತರ್ ಧರ್ಮರಾಜ ಸರ್ ಅವರ ಒಪ್ಪಿಗೆ ಪಡೆದು, ಶನಿವಾರ ಬಂತೆಂದರೆ ಹತ್ತನೆಯ ತರಗತಿಯ ಇಬ್ಬರು ಮೂವರನ್ನು ಕಲಬುರಗಿಗೆ ಕರೆದೊಯ್ದು, ಒಬ್ಬೊಬ್ಬರನ್ನು ಒಂದೊಂದು ಕೆಲಸದ ಜಾಗದಲ್ಲಿ ಇಡೀ ದಿನ ಕೂಡಿಸಿ ಬರುವುದು. ಯಾವ ಕೆಲಸ ಎಂದು ಮಕ್ಕಳೇ ಆರಿಸಬೇಕು. ಸೋಮವಾರ ಕೊನೆಯ ಪೀರಿಯಡ್ಡಿನಲ್ಲಿ, ವಿಜ್ಞಾನದ ಲ್ಯಾಬಿನಲ್ಲಿ, ಹೋಗಿ ಬಂದವರು ಎದ್ದು ನಿಂತು ಹೇಳಬೇಕು. ಹೇಳುವುದಾದರೂ ಏನು?

‘ಅಲ್ಲಿ ಏನು ಛಲೋ ಇತ್ತಂತ ನನಗ ಹೇಳಬ್ಯಾಡ್ರಿ,’ ಎಂದಿದ್ದಳು ಸಂಘಮಿತ್ರಾ ಮಕ್ಕಳಿಗೆ. ‘ಛಲೋ ಇದ್ದದ್ದು ದೂರದಿಂದನೂ ಕಾಣ್ತದ. ಬ್ಯಾಸರ ಏನಿತ್ತು, ಅದು ಹೇಳ್ರಿ. ಯಾವ ಕೆಲಸದ ಬ್ಯಾಸರ ನಿಮಗ ತಡೀತದೋ, ಆ ಕೆಲಸ ನಿಮಗ ಹೊಂದ್ತದ.’

ಕಲಬುರಗಿಯ ಒಂದು ರಕ್ತ ತಪಾಸಣೆಯ ಲ್ಯಾಬಿಗೆ ಹೋಗಿದ್ದ ಆಮಿರ್ ಎದ್ದು ನಿಂತು, ‘ಇಡೀ ದಿನ ಸಣ್ಣ ಬಾಟಲಿಗಿ ಚೀಟಿ ಹಚ್ಚೋದೇ ಆಯ್ತ್ರಿ ಮಿಸ್’ ಎಂದ. ‘ತಡೀತದೇನು?’ ಎಂದಳು ಸಂಘಮಿತ್ರಾ. ಅವನು ಸ್ವಲ್ಪ ವಿಚಾರ ಮಾಡಿ, ‘ತಡೀತದ್ರಿ. ನನಗ ಚೀಟಿ ಹಚ್ಚೋದು ಸೇರ್ತದ’ ಎಂದ. ಪ್ರೇಮಕುಮಾರ ಒಬ್ಬ ವಕೀಲರ ಜೊತೆ ಕೋರ್ಟಿಗೆ ಹೋಗಿದ್ದ. ಎಂಟನೆಯ ತರಗತಿಯಿಂದಲೇ ಅವನ ವಾದ ಕೇಳಿ ಕೇಳಿ, ಇವನು ವಕೀಲನೇ ಎಂದು ಗುರುದೇವಿ ಮುದ್ರೆ ಒತ್ತಿ ಇಟ್ಟಿದ್ದಳು. ಅವನು ಎದ್ದು, ‘ಕರೀತಾರಂತ ಕುಂತ್ವಿ, ಕುಂತ್ವಿ, ಕಡೀಕ ಕರೆದ್ರು, ಮುಂದಿನ ತಾರೀಖ ಕೊಟ್ರು. ನನಗ ಇದು ತಡಿಯಾಂಗಿಲ್ರಿ ಮಿಸ್’ ಎಂದ. ಲ್ಯಾಬೆಲ್ಲ ನಕ್ಕಿತು. ವರಾಂಡದಲ್ಲಿ ಹಾದುಹೋಗುತ್ತಿದ್ದ ಗುರುದೇವಿಗೆ ಆ ನಗು ಕಪಾಳಕ್ಕೆ ಬಿದ್ದಂತಾಯಿತು.

ಅಲ್ಲಿಂದ ಶುರುವಾಯಿತು ನೋಡಿ. ಬಸ್ಸಿನಲ್ಲಿ ಆಕೆ ಸೀಟು ಹಿಡಿಯುವುದನ್ನು ಬಿಟ್ಟಳು. ಸ್ಟಾಫ್ ರೂಮಿನಲ್ಲಿ ಮೂಗು ಮುರಿದಳು. ‘ಬ್ಯಾಸರ ಹೇಳ್ಲಿಕ್ಕ ಸಾಲಿಗಿ ಯಾಕ ಬರಬೇಕು, ಮನ್ಯಾಗ ಕುಂತೇ ಹೇಳಬಹುದಲ್ಲ,’ ಎಂದಳು. ಪಿ.ಟಿ. ಮಾಸ್ತರ ಅಜಿತ ಬೀಡಾ ಜಗಿಯುತ್ತ, ‘ಈಗೆಲ್ಲ ಅವರದ್ದೇ ನಡದದ ಬಿಡ್ರಿ ಮೇಡಮ್’ ಎಂದ. ‘ಅವರು’ ಎಂದರೆ ಯಾರು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಘಮಿತ್ರಾಳ ಹೆಸರೇ ಅವಳ ಓಣಿಯನ್ನೂ ಜಾತಿಯನ್ನೂ ಹೇಳುತ್ತಿತ್ತು. ಹೋದ ವರ್ಷವಾಗಿದ್ದರೆ ಗುರುದೇವಿ, ಬಾಯಿ ತೊಳಕೊಂಡು ಬಾ ಎಂದು ಅವನ ಮುಖಕ್ಕೇ ಹೇಳುತ್ತಿದ್ದಳು. ಅವತ್ತು ಡಬ್ಬಿಯ ಮುಚ್ಚಳ ತೆರೆಯುತ್ತ ಸುಮ್ಮನೆ ಕೂತಳು. ಮಾತು ಹೊಲಸೆಂದು ಗೊತ್ತಿತ್ತು, ಕಿವಿಗೆ ಮಾತ್ರ ಹಿತವಾಗಿತ್ತು.

ಆದರೂ ಆಕೆಗೆ ಒಂದು ಧೈರ್ಯವಿತ್ತು. ಪ್ರೀತಿ.

ಪ್ರೀತಿ ಕಮಲಾಪುರದ ಬಾಳೆತೋಟದ ರೈತ ಕಾಶಿರಾಯನ ಕಿರಿಯ ಮಗಳು. ತರಗತಿಯಲ್ಲಿ ಮೊದಲನೆಯವಳಲ್ಲ, ಆದರೆ ಹೇಳಿದ್ದನ್ನು ಕಿವಿಗೊಟ್ಟು ಕೇಳುವ ಹುಡುಗಿ. ಗುರುದೇವಿ ಆಕೆಯನ್ನು ಎಂಟನೆಯ ತರಗತಿಯಿಂದ ಹತ್ತಿರ ಇಟ್ಟುಕೊಂಡಿದ್ದಳು. ಭೂಪಟ ಹಿಡಿಯಲು ಪ್ರೀತಿ, ಸಣ್ಣ ತರಗತಿಗೆ ಪಾಠ ಓದಿ ಹೇಳಲು ಪ್ರೀತಿ, ತಲೆನೋವು ಬಂದಾಗ ಚಹಾ ತರಲು ಪ್ರೀತಿ. ‘ನೀ ಟೀಚರ್ ಆಗ್ತಿ. ನಾ ರಿಟೈರ್ ಆದಮ್ಯಾಲ ಈ ಕುರ್ಚಿ ನಿಂದು’ ಎಂದು ಎಷ್ಟು ಸಲ ಹೇಳಿದ್ದಳೋ. ಹುಡುಗಿ ನಗುತ್ತಿದ್ದಳು. ಆ ನಗುವನ್ನು ಗುರುದೇವಿ ಹೌದು ಎಂದು ತಿಳಿದಿದ್ದಳು. ಶಾಲೆಯ ಕರೆಂಟ್ ಗಂಟೆ ಕೆಟ್ಟಾಗ ಅದೇ ಹುಡುಗಿ ಸ್ಟೂಲ್ ಹತ್ತಿ ಅದನ್ನು ಬಿಚ್ಚಿ ಕೂತದ್ದನ್ನೂ, ಊಟದ ಗಂಟೆ ಮೀರಿದರೂ ಇಳಿಯದ್ದನ್ನೂ ಆಕೆ ನೋಡಿದ್ದಳು. ಹುಡುಗಾಟ ಎಂದುಕೊಂಡಿದ್ದಳು. ಊರ ಮಕ್ಕಳೆಲ್ಲ ಆ ಕಡೆ ಹರಿದುಹೋಗಲಿ, ಈ ಒಬ್ಬಳು ತನ್ನವಳಾಗಿ ಉಳಿದರೆ ಸಾಕು, ತಾನು ಗೆದ್ದಂತೆ ಎಂದು ಲೆಕ್ಕ ಹಾಕಿದ್ದಳು.

ಡಿಸೆಂಬರಿನಲ್ಲಿ ಪ್ರೀತಿಯ ಸರದಿ ಬಂತು. ಎಲ್ಲಿಗೆ ಎಂದು ಕೇಳಿದಾಗ ಹುಡುಗಿ ತಡವರಿಸಲಿಲ್ಲ. ‘ಹಲೀಮಾ ಅಕ್ಕನ ದುಕಾನಕ್ರಿ’ ಎಂದಳು. ಹಲೀಮಾ ಸಂಘಮಿತ್ರಾಳ ಶಾಲಾದಿನದ ಗೆಳತಿ. ಐಟಿಐ ಮಾಡಿ, ಸ್ಟೇಶನ್ ಬಜಾರದಲ್ಲಿ ಫ್ರಿಜ್ಜು, ಕೂಲರು, ಏಸಿ ರಿಪೇರಿಯ ಅಂಗಡಿ ಇಟ್ಟವಳು. ಧರ್ಮರಾಜ ಸರ್ ಮುಂದೆ, ಎಲ್ಲ ಶಿಕ್ಷಕರ ಮುಂದೆ, ಸಂಘಮಿತ್ರಾ ಸ್ಪಷ್ಟವಾಗಿ ಹೇಳಿದ್ದಳು. ಹುಡುಗಿಯನ್ನು ಅಂಗಡಿಯಲ್ಲೇ ಕೂಡಿಸುವುದು, ಹೊರಗಿನ ರಿಪೇರಿಗೆ ಕಳಿಸುವುದಿಲ್ಲ, ತಾನೂ ಸಂಜೆಯವರೆಗೆ ಅಲ್ಲೇ ಇರುವೆ ಎಂದು. ಗುರುದೇವಿ ಅದನ್ನು ಎರಡೂ ಕಿವಿಯಿಂದ ಕೇಳಿದ್ದಳು.

ಆದರೂ ಹುಡುಗಿ ತನಗೆ ಒಂದು ಮಾತು ಹೇಳಲಿಲ್ಲವಲ್ಲ. ಮೂರು ವರ್ಷ ನೀರೆರೆದವಳು ನಾನು, ನೆರಳಿಗೆ ಕೂಡುವವಳು ಇವಳೇ? ತರಗತಿಗೆ ಹೋಗುವ ಬದಲು ನೀರಿನ ಟಾಕಿಯ ಹಿಂದೆ ಹೋಗಿ ನಿಂತು ಕಾಶಿರಾಯನಿಗೆ ಫೋನ್ ಹಚ್ಚಿದಳು.

‘ಕಾಶಿರಾಯಣ್ಣ, ನಿಮ್ಮ ಪ್ರೀತಿ ಶನಿವಾರ ಎಲ್ಲಿ ಹೊಂಟಾಳ ಗೊತ್ತದೇನು?’

‘ಕಲಬುರಗಿಗಿ ಅಂದ್ಲು ಟೀಚರ್. ಯಾವುದೋ ಮಷಿನ್ ದುಕಾನಕ್ಕಂತ.’

‘ಸ್ಟೇಶನ್ ಬಜಾರಕ್ಕ. ಆಕಿ ಏಸಿ ರಿಪೇರಿ ಮಾಡಾಕಿ. ಏಸಿ ಎಲ್ಲಿರ್ತಾವ ಹೇಳ್ರಿ, ಲಾಡ್ಜಿನಾಗ ಇರ್ತಾವ. ರೂಮ್ ರೂಮಿಗಿ ಹೋಗಬೇಕಾಗ್ತದ. ನಾಳಿ ನಿಮ್ಮ ಬೀಗರ ಪೈಕಿ ಯಾರರೆ ನೋಡಿದ್ರ ಏನಂತಾರ, ನೀವೇ ವಿಚಾರ ಮಾಡ್ರಿ. ನಾ ಹೇಳೀನಿ ಅಂತ ಮಾತ್ರ ಹೇಳಬ್ಯಾಡ್ರಿ.’

ಕಾಶಿರಾಯ, ‘ನೀವು ಹೇಳಿದಮ್ಯಾಲ ಮುಗೀತ್ರಿ’ ಎಂದ.

ಫೋನ್ ಇಟ್ಟಾಗ ಆಕೆಗೆ ಪಾಪ ಮಾಡಿದೆ ಅನ್ನಿಸಿತೇ? ಎಲ್ಲಿಯ ಪಾಪ, ಹಸಿವಾಯಿತು. ಸ್ಟಾಫ್ ರೂಮಿಗೆ ಬಂದು ಡಬ್ಬಿ ತೆರೆದು ರೊಟ್ಟಿ ಒಂದೂ ಬಿಡದೆ ಉಂಡಳು.

ಮರುದಿನ ಪ್ರೀತಿ ಅತ್ತ ಕಣ್ಣಲ್ಲಿ ಶಾಲೆಗೆ ಬಂದಳು. ಮಧ್ಯಾಹ್ನ ಸಂಘಮಿತ್ರಾ ಗುರುದೇವಿಯ ಮೇಜಿನ ಹತ್ತಿರ ಬಂದು ನಿಂತಳು.

‘ಮೇಡಮ್, ಪ್ರೀತಿಯವರ ತಂದಿ ಒಲ್ಲೆ ಅಂದಾರ್ರಿ. ಯಾಕಂತ ಹೇಳವಲ್ಲರು. ಒತ್ತಾಯ ಮಾಡೋದು ಛಲೋ ಅಲ್ಲ ಅಂತ ಬಿಟ್ಟೆ. ಆದ್ರ ಆಕಿ ಒಬ್ಬಾಕೀನೇ ಉಳದಾಳ. ಒಂದು ದಿನ ನಿಮ್ಮ ಸಂಗಡ ಇರ್ಲೇನ್ರಿ? ಟೀಚರ್ ಕೆಲಸಾನೂ ಕೆಲಸಾನೇ ಅಲ್ರಿ. ಶನಿವಾರ ಅರ್ಧ ದಿನ ಆಗ್ತದ, ಶುಕ್ರವಾರ ಇರ್ಲಿ.’

ಗುರುದೇವಿ ಹಾಜರಿ ಪುಸ್ತಕದ ಮೇಲಿನ ಕಣ್ಣು ತೆಗೆಯದೆ, ‘ನೀವು ಇಷ್ಟು ಕೇಳ್ತೀರಿ ಅಂದ್ರ ಇರ್ಲಿ’ ಎಂದಳು. ತುಟಿಯ ಒಳಗೆ ನಗು ಹಿಡಿದಿಟ್ಟುಕೊಂಡ ಕಷ್ಟ ಆಕೆಗೇ ಗೊತ್ತು. ನಾಲ್ಕು ಹೆಜ್ಜೆ ಹೋಗಿದ್ದ ಸಂಘಮಿತ್ರಾ ತಿರುಗಿ, ‘ಥ್ಯಾಂಕ್ಸ್ ರೀ ಮೇಡಮ್, ಆಕಿಗಿ ನೀವಂದ್ರ ಭಾಳ ಪ್ರೀತಿ ಅದ’ ಎಂದಳು. ಆ ಮಾತಿಗೂ ಗುರುದೇವಿಗೆ ಸಿಟ್ಟು ಬಂತು. ಅದನ್ನು ಇವಳು ತನಗೆ ಹೇಳಬೇಕೆ?

ಶುಕ್ರವಾರ ಗುರುದೇವಿ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಬಸ್ಸಿಳಿದಳು. ಪ್ರೀತಿ ಬಸ್ ಸ್ಟ್ಯಾಂಡಿನಲ್ಲೇ ಕಾದು ನಿಂತಿದ್ದಳು. ಕೆಲಸ ಶುರುವಾದಲ್ಲಿಂದ ಮುಗಿಯುವವರೆಗೆ ಜೊತೆಗಿರಬೇಕು ಎಂಬುದು ಸಂಘಮಿತ್ರಾಳ ನಿಯಮ. ಮೊದಲ ಪೀರಿಯಡ್ಡಿನಲ್ಲಿ ಗುರುದೇವಿ ಮಾಡಿದ ಪಾಠವನ್ನು ನೀವು ಕೇಳಬೇಕಿತ್ತು. ಹೈದರಾಬಾದ್ ಸಂಸ್ಥಾನದ ಕಾಲದ ಕತೆ ಹೇಳುತ್ತ ಹೇಳುತ್ತ ಮಕ್ಕಳನ್ನು ನಗಿಸಿದಳು, ಕೊನೆಯಲ್ಲಿ ಪೆನ್ನು ಬಿದ್ದರೂ ಕೇಳುವಷ್ಟು ಸುಮ್ಮನಾಗಿಸಿದಳು. ಹಿಂದಿನ ಬೆಂಚಿನಲ್ಲಿ ಕೂತ ಪ್ರೀತಿಯ ಮುಖ ಅರಳಿತ್ತು. ಹೊಟ್ಟೆಕಿಚ್ಚಿನ ಹೆಂಗಸು ಎಂದು ಆಕೆಯನ್ನು ಹಗುರವಾಗಿ ತಿಳಿಯಬೇಡಿ, ಆಕೆ ಒಳ್ಳೆಯ ಟೀಚರ್.

ಆದರೆ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ, ಮೂಲೆಯಲ್ಲಿ ಸಂಘಮಿತ್ರಾಳ ಸಣ್ಣ ಮೇಜಿನ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು. ಆಮಿರನ ಅವ್ವ ಮರಿಯಮ್ ತಂದಿಟ್ಟು ಹೋಗಿದ್ದಳಂತೆ. ಇನ್ನೂ ಪರೀಕ್ಷೆಯೇ ಆಗಿಲ್ಲ, ಆಗಲೇ ಹಣ್ಣು. ಹಣ್ಣಾದರೂ ಎಂಥದ್ದು, ಕಳೆ ಕಳೆಯಾಗಿ, ಒಂದಕ್ಕೂ ಕಲೆಯಿಲ್ಲ. ಗುರುದೇವಿ ಅದನ್ನು ನೋಡದಂತೆ ನೋಡಿದಳು.

ಅಲ್ಲಿಂದ ಮುಂದೆ ಆಕೆಯ ಕಾಲು ಆಕೆಯ ಮಾತು ಕೇಳಲಿಲ್ಲ. ಒಂಬತ್ತನೆಯ ತರಗತಿಗೆ ಬರೆಯಲು ಕೊಟ್ಟು ಕಿಟಕಿಯ ಹತ್ತಿರ ನಿಂತಳು. ಅಲ್ಲಿಂದ ಲ್ಯಾಬಿನ ಬಾಗಿಲು ಕಾಣುತ್ತದೆ. ಒಳಗೆ ಮಕ್ಕಳು ಏನಕ್ಕೋ ಕೂಗಿದರು. ‘ಪ್ರೀತಿ, ಹೋಗಿ ನೋಡಿ ಬಾ, ಏನದು ಗದ್ದಲ’ ಎಂದಳು.

ಪ್ರೀತಿ ಹೋಗಿ ಬಂದು, ‘ಬಲ್ಬ್ ಹತ್ತೇದಂತ್ರಿ’ ಎಂದಳು.

‘ಬಲ್ಬ್ ಹತ್ತಿದ್ರ ಅಷ್ಟು ಕೂಗಬೇಕೇನು?’

‘ಲಿಂಬಿಹಣ್ಣಿನಾಗ ತಂತಿ ಚುಚ್ಚಿ ಹಚ್ಯಾರ್ರಿ ಟೀಚರ್.’

ಇನ್ನೊಂದು ಪೀರಿಯಡ್ಡಿನಲ್ಲೂ ಅದೇ ಆಯಿತು. ಧರ್ಮರಾಜ ಸರ್ ಲ್ಯಾಬಿನ ಕಡೆ ಹೋದರೆ ಯಾಕೆ ಹೋದರು, ಸಂಘಮಿತ್ರಾ ಹೊರಗೆ ಬಂದರೆ ಯಾರ ಜೊತೆ ಮಾತಾಡಿದಳು, ಮಕ್ಕಳು ಸಾಲಾಗಿ ಹೊರಟರೆ ಎಲ್ಲಿಗೆ. ಪಕ್ಕದಲ್ಲಿ ಹುಡುಗಿ ಕೂತಿದ್ದಾಳೆ, ಎಲ್ಲವನ್ನೂ ನೋಡುತ್ತಿದ್ದಾಳೆ ಎಂಬುದು ಗುರುದೇವಿಗೆ ಮರೆತೇಹೋಯಿತು.

ಊಟದ ಹೊತ್ತಿಗೆ ಕಾಶಿರಾಯ ಬಂದ. ಮಗಳು ಡಬ್ಬಿ ಬಿಟ್ಟು ಬಂದಿದ್ದಳಂತೆ, ಕೊಡಲು ತಂದಿದ್ದ. ಬೇವಿನ ಗಿಡದ ಕೆಳಗೆ ಗುರುದೇವಿಯೂ ಪ್ರೀತಿಯೂ ಕೂತಿದ್ದರು. ಅವನು ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿದ. ಅಂಥ ಪ್ರಾಮಾಣಿಕ ಮನುಷ್ಯರ ಉಪಕಾರಸ್ಮರಣೆಯಷ್ಟು ಅಪಾಯದ್ದು ಇನ್ನೊಂದಿಲ್ಲ.

‘ಟೀಚರ್, ಅವತ್ತ ನೀವು ಫೋನ್ ಮಾಡಿ ಹೇಳಿರಲಿಲ್ಲಂದ್ರ ಈಕಿ ಲಾಡ್ಜ್ ಪಾಡ್ಜ್ ತಿರಗ್ತಿದ್ಲು. ಹೆಸರು ಹೇಳಬ್ಯಾಡ ಅಂದಿದ್ರಿ, ಹೇಳಿರಲಿಲ್ಲ. ಆದ್ರ ಈಕಿಗಿ ಗೊತ್ತಿರ್ಲಿ ಬಿಡ್ರಿ, ತನ್ನ ಒಳ್ಳೇದು ಬಯಸೋರು ಯಾರಂತ.’

ಪ್ರೀತಿ ಗುರುದೇವಿಯ ಮುಖ ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ಅಪ್ಪನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ತೆರೆದು, ಉಣ್ಣತೊಡಗಿದಳು. ಅವತ್ತು ಉಳಿದ ಹೊತ್ತೆಲ್ಲ ಗುರುದೇವಿಯ ಹಿಂದೆ ಒಂದು ಹೆಜ್ಜೆ ಬಿಟ್ಟು ನಡೆದಳು, ಏನೂ ಕೇಳಲಿಲ್ಲ. ಸಂಜೆ ಬಸ್ ಬಂದಾಗ, ‘ಬರ್ತೀನ್ರಿ ಟೀಚರ್’ ಎಂದಳು. ಯಾವಾಗಿನ ಮಾತೇ, ಯಾವಾಗಿನ ದನಿಯೇ. ಅದಕ್ಕೇ ಗುರುದೇವಿಗೆ ಹೆದರಿಕೆಯಾಯಿತು.

ಆ ಭಾನುವಾರ ಆಕೆ ಅದೇ ರವೆಯನ್ನು ಮತ್ತೆ ಮತ್ತೆ ಜರಡಿ ಹಿಡಿದಳು. ಸೋಮವಾರ ಹುಡುಗಿ ಎದ್ದು ನಿಲ್ಲುತ್ತಾಳೆ. ಎಲ್ಲರ ಮುಂದೆ ಹೇಳಿಬಿಟ್ಟರೆ? ಗುರುದೇವಿ ಟೀಚರ್ ಸುಳ್ಳು ಹೇಳಿ ನನ್ನ ದಾರಿ ತಪ್ಪಿಸಿದರು ಎಂದುಬಿಟ್ಟರೆ ಇಷ್ಟು ವರ್ಷದ ಇಜ್ಜತ್ತು ಒಂದು ಪೀರಿಯಡ್ಡಿನಲ್ಲಿ ಮಣ್ಣುಪಾಲು. ರಜೆ ಹಾಕೋಣ ಎನ್ನಿಸಿತು. ಹಾಕಿದರೆ ತನ್ನ ಬೆನ್ನ ಹಿಂದೆ ಹೇಳುತ್ತಾಳೆ, ಅದು ಇನ್ನೂ ಕೆಟ್ಟದ್ದು. ಇಷ್ಟೆಲ್ಲದರ ನಡುವೆಯೂ ಆಕೆಗೆ ಹೆಚ್ಚು ಉರಿದದ್ದು ಇನ್ನೊಂದು. ಹುಡುಗಿ ಈಗ ಅಳುವುದಾದರೆ ಯಾರ ಹತ್ತಿರ ಹೋಗಿ ಅಳುತ್ತಾಳೆ? ಸಂಘಮಿತ್ರಾಳ ಹತ್ತಿರ. ತಾನೇ ದೂಡಿ ಕಳಿಸಿದಂತಾಯಿತು.

ಸೋಮವಾರ ಕೊನೆಯ ಪೀರಿಯಡ್ಡಿಗೆ ಲ್ಯಾಬು ತುಂಬಿತ್ತು. ಧರ್ಮರಾಜ ಸರ್ ಕೂಡ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗುರುದೇವಿ ಬಾಗಿಲ ಹತ್ತಿರ ನಿಂತಳು, ಕೂಡಲು ಹೇಳಿದರೂ ಕೂಡಲಿಲ್ಲ. ಸಂಘಮಿತ್ರಾ ಪ್ರೀತಿಯ ಹೆಸರು ಕರೆದಳು.

‘ನಾ ಗುರುದೇವಿ ಟೀಚರ್ ಸಂಗಡ ಇದ್ದೆ ಮಿಸ್,’ ಎಂದಳು ಪ್ರೀತಿ.

‘ಬ್ಯಾಸರ ಏನಿತ್ತು?’

‘ಹಾಜರಿ ಕರಿಯೋದು ಬ್ಯಾಸರ್ರಿ. ಪೇಪರ್ ತಿದ್ದೋದು ಬ್ಯಾಸರ್ರಿ. ಒಂದೇ ಪಾಠ ಎರಡು ಸೆಕ್ಷನ್ನಿಗಿ ಹೇಳೋದು ಬ್ಯಾಸರ್ರಿ. ಆದ್ರ ಟೀಚರ್ ಎರಡನೇ ಸಲಾನೂ ಈಗೇ ಮೊದಲ ಸಲ ಹೇಳಾಕತ್ತೀನಿ ಅನ್ನೋ ಹಂಗೇ ಹೇಳಿದ್ರು.’

‘ತಡೀತದೇನು?’

‘ಅವೆಲ್ಲ ತಡೀತಾವ್ರಿ.’

ಗುರುದೇವಿಯ ಕಣ್ಣು ತುಂಬಿತು. ಹುಡುಗಿ ಮಾನ ಕಾಯ್ದಳು, ತನ್ನವಳೇ ಇವಳು ಎಂದುಕೊಳ್ಳುವಷ್ಟರಲ್ಲಿ ಪ್ರೀತಿ ಮತ್ತೆ ಬಾಯಿ ತೆರೆದಳು.

‘ಇನ್ನೊಂದು ಅದ್ರಿ ಮಿಸ್. ಅದು ಬ್ಯಾಸರ ಹೌದೋ ಅಲ್ಲೋ ನನಗ ತಿಳಿವಲ್ದು.’

‘ಹೇಳು.’

‘ಟೀಚರ್ ಆದೋರಿಗಿ ಹುಡುಗ್ರ ಮ್ಯಾಲ ಜೀವ ಇರ್ತದ್ರಿ. ಆ ಹುಡುಗ್ರು ಬ್ಯಾರೆಯವರ ಹಂತ್ಯಾಕ ಹೋದ್ರ ಸಂಕಟ ಆಗ್ತದ. ಇಡೀ ದಿನ ಕಿಡಕಿ ಕಡಿ ನೋಡಬೇಕಾಗ್ತದ. ನಾ ಟೀಚರ್ ಆದ್ರ ನನಗೂ ಹಂಗೇ ಆಗ್ತದ್ರಿ, ನನ್ನ ಗುಣ ನನಗ ಗೊತ್ತದ. ಅದು ನನಗ ತಡಿಯಾಂಗಿಲ್ಲ. ಮಷಿನ್ ಆದ್ರ ಯಾರ ಕೈಯಾಗ ರಿಪೇರಿ ಆದ್ರೂ ನಡೀತದ್ರಿ.’

ಮಕ್ಕಳು ನಕ್ಕರು. ಧರ್ಮರಾಜ ಸರ್ ಕೂಡ, ಹುಡುಗಿ ಶ್ಯಾಣ್ಯಾಕಿ ಇದ್ದಾಳ ಎಂದು ನಕ್ಕರು. ನಗದೆ ಇದ್ದವರು ಮೂವರು. ಸಂಘಮಿತ್ರಾ, ‘ಕೂಡು ಪ್ರೀತಿ’ ಎಂದಳು. ಗುರುದೇವಿಯ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಗುರುದೇವಿ ತಾನೂ ಕಣ್ಣು ಕೆಂಪು ಮಾಡಬಹುದಿತ್ತು, ಹೀಗೆ ನೋಡದೆ ಬಿಟ್ಟ ದಯೆಯನ್ನು ಇಟ್ಟುಕೊಂಡು ಏನು ಮಾಡಬೇಕು?

ಆಕೆ ವರಾಂಡಕ್ಕೆ ಬಂದಳು. ಕಾಶಿರಾಯನ ನಂಬರ್ ಹಚ್ಚಿದಳು.

‘ಕಾಶಿರಾಯಣ್ಣ, ಅವತ್ತ ನಾ ಹೇಳಿದ್ದು ಸುಳ್ಳದ. ಪ್ರೀತೀನ ಯಾವ ಲಾಡ್ಜಿಗೂ ಕಳಸ್ತಿರಲಿಲ್ಲ. ದುಕಾನದಾಗೇ ಕೂಡಸ್ತಿದ್ರು. ಸಂಘಮಿತ್ರಾ ಮಿಸ್ಸೂ ಅಲ್ಲೇ ಇರ್ತಿದ್ರು. ಇದೆಲ್ಲ ನನಗ ಮೊದಲೇ ಗೊತ್ತಿತ್ತು.’

ಆ ಕಡೆ ಕಾಶಿರಾಯ ನಕ್ಕ. ‘ನೀವ್ಯಾಕ ಸುಳ್ಳು ಹೇಳ್ತೀರಿ ಟೀಚರ್. ಆ ಹೊಸಾ ಮಿಸ್ ನಿಮಗ ಹಿಂಗ ಹೇಳ್ರಿ ಅಂತ ಗಂಟ ಬಿದ್ದಾರೇನು? ನೀವು ಫಿಕರ್ ಮಾಡಬ್ಯಾಡ್ರಿ. ನಾಳಿ ನಾನೇ ಬಂದು ಹೆಡ್ ಮಾಸ್ತರಿಗಿ ಹೇಳ್ತೀನಿ, ಆಕಿ ನಿಮಗ ತ್ರಾಸ ಕೊಡ್ಲಿಕ್ಹತ್ಯಾಳ ಅಂತ.’

ಇದನ್ನು ಆಕೆ ಎಣಿಸಿರಲಿಲ್ಲ. ಸುಳ್ಳು ಹೇಳಿದಾಗ ಕಣ್ಣುಮುಚ್ಚಿ ನಂಬಿದವನು ಖರೆ ಹೇಳಿದರೆ ನಂಬುತ್ತಿಲ್ಲ. ಜೊತೆಗೆ ಇನ್ನೊಂದೂ ಹೊಳೆಯಿತು. ಒಂದು ‘ಹೂಂ’ ಎಂದರೆ ಸಾಕು. ಅತಿಥಿ ಶಿಕ್ಷಕಿಯ ನೌಕರಿ, ಊರವನ ಒಂದು ದೂರು ಬಿದ್ದರೆ ಬರುವ ಜೂನ್‌ನಲ್ಲಿ ಲ್ಯಾಬಿನಲ್ಲಿ ಬೇರೆ ಯಾರೋ ಇರುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಬೇಸಿಗೆಗೆ ಮೇಜು ತುಂಬ ಹಣ್ಣು. ಆ ‘ಹೂಂ’ ಆಕೆಯ ಗಂಟಲಿನವರೆಗೆ ಬಂದಿತ್ತು, ಸುಳ್ಳೇಕೆ ಹೇಳಬೇಕು.

‘ನನಗ ಯಾರೂ ಗಂಟ ಬಿದ್ದಿಲ್ಲ,’ ಎಂದಳು. ‘ನನಗ ಹೊಟ್ಟಿಕಿಚ್ಚು ಆಗಿತ್ತು ಕಾಶಿರಾಯಣ್ಣ. ಹುಡುಗ್ರೆಲ್ಲ ಆಕಿ ಹಂತ್ಯಾಕ ಹೊಂಟಿದ್ರು. ಪ್ರೀತೀನೂ ಹೊಂಟ್ಲು. ಅದಕ್ಕ ಹಂಗ ಹೇಳಿದೆ.’

ಆ ಕಡೆ ತೋಟದ ಮೋಟಾರಿನ ಸದ್ದು ಕೇಳುತ್ತಿತ್ತು. ಅದು ನಿಂತಿತು, ಅವನೇ ಹೋಗಿ ಆರಿಸಿರಬೇಕು.

‘ಆಯ್ತ್ರಿ,’ ಎಂದ ಕಾಶಿರಾಯ ಕೊನೆಗೆ. ‘ಬರೋ ಶನಿವಾರ ಕಳಸ್ತೀನಿ.’ ಗುರುದೇವಿ ಇನ್ನೇನು ಫೋನ್ ಇಡಬೇಕು, ‘ಒಂದು ಮಾತು ಕೇಳ್ಲೇನ್ರಿ ಟೀಚರ್?’ ಎಂದ.

‘ಕೇಳ್ರಿ.’

‘ನಮ್ಮ ದೊಡ್ಡಾಕಿ ನರ್ಸ್ ಆಗ್ತೀನಿ ಅಂತ ಊಟ ಬಿಟ್ಟು ಕುಂತಿದ್ಲು. ನೀವು ಬ್ಯಾಡ ಅಂದ್ರಿ. ಆರ್ಟ್ಸ್ ಕೊಡಸು, ಡಿ.ಎಡ್ ಮಾಡಸು ಅಂದ್ರಿ. ನೀವು ಹೇಳಿದಮ್ಯಾಲ ಮುಗೀತಂತ ಆಕೀಗಿ ಹೊಡದು ಬಡದು ಮಾಡಸಿದೆ. ಈಗ ಮನ್ಯಾಗ ಕುಂತಾಳ. ಅವತ್ತ ಖರೆ ಹೇಳಿದ್ರೋ, ಇಲ್ಲಾ ಅವತ್ತೂ ನಿಮಗ ಯಾರ ಮ್ಯಾಲರೆ ಹಿಂಗೇ ಇತ್ತೋ?’

ಖರೆ ಹೇಳಿದ್ದೆ ಎನ್ನಲು ಗುರುದೇವಿ ಬಾಯಿ ತೆರೆದಳು. ಆ ಹುಡುಗಿಯ ಮುಖ ನೆನಪಾಯಿತು. ತಾನು ಏನು ಹೇಳಿದ್ದೆ ಎಂಬುದೂ ನೆನಪಾಯಿತು. ಯಾಕೆ ಹೇಳಿದ್ದೆ ಎಂಬುದು ಮಾತ್ರ ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಆ ಕಡೆ ಕಾಶಿರಾಯ ಫೋನ್ ಇಡದೆ ಕಾಯುತ್ತಿದ್ದ.